ಹದಿನಾರು ಸರಳು, ನಲವತ್ತೆಂಟು ಸುತ್ತು

ಶಿರಸಿಯ ಹತ್ತಿರದ ನಮ್ಮ ಊರಮನೆಯ ಜಗಲಿಗೆ ಎರಡು ವರ್ಷಗಳ ಹಿಂದಿನವರೆಗೂ ಬಾಗಿಲೆಂಬುದು ಇರಲಿಲ್ಲ. ಮಳೆಗಾಲದ ಸಂಜೆ ಅಲ್ಲಿ ಕುಳಿತು, ಕವಳದ ಬಟ್ಟಲನ್ನು ಎದುರಿಗಿಟ್ಟುಕೊಂಡು, ಮಾಡಿನಿಂದ ಅಂಗಳಕ್ಕೆ ಇಳಿಯುವ ನೀರನ್ನು ನೋಡುವುದು ಅಪ್ಪನ ಕಾಲದಿಂದ ಬಂದ ಸುಖ. ಆದರೆ ಬಾಳೆಗೊನೆ, ಪೇರಲೆ, ಎಳನೀರುಗಳನ್ನೆಲ್ಲ ಮುಗಿಸಿದ ಮಂಗಗಳು ಜಗಲಿ ದಾಟಿ ಅಡುಗೆಮನೆಯ ಡಬ್ಬಿಗಳಿಗೆ ಕೈಹಾಕತೊಡಗಿದ ಮೇಲೆ, ಗ್ರಿಲ್ ಹಾಕಿಸಲೇಬೇಕೆಂದು ಆಯಿ ಪಟ್ಟು ಹಿಡಿದಳು. ಮನೆ ಪಂಜರವಾಗುತ್ತದೆ ಎಂದು ನಾನು ಗೊಣಗಿದೆ. ಒಳಗೆ ಮನುಷ್ಯರು, ಹೊರಗೆ ಮಂಗಗಳು ಇರುವ ಪಂಜರವಾದರೆ ತನಗೇನೂ ಅಡ್ಡಿಯಿಲ್ಲ ಎಂದು ಅವಳು ನಕ್ಕಳು. ಕೊನೆಗೆ ಒಂದು ರಾಜಿಯಾಯಿತು: ಗ್ರಿಲ್ ಬರಲಿ, ಆದರೆ ಎದುರಿನ ಎರಡು ಕದದ ಗೇಟು ಮಾತ್ರ ನಾನು ಹೇಳಿದಂತೆ ಇರಲಿ, ಅದರ ನಿಲುವು ಸರಳುಗಳ ನಡುಭಾಗವನ್ನು ತಿರುಚಿ ಮಾಡಿಸೋಣ, ಸಾಧ್ಯವಾದರೆ ಆ ತಿರುಚುವ ಕೆಲಸವನ್ನು ನಾನೇ ಮಾಡುತ್ತೇನೆ.

ಈ ಹುಕಿಗೆ ಒಂದು ಹಿನ್ನೆಲೆ ಇದೆ. ಹುಬ್ಬಳ್ಳಿಯ ಪಾಲಿಟೆಕ್ನಿಕ್ ಒಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ವಸ್ತುಗಳು ಎಷ್ಟು ಬಲ ತಾಳುತ್ತವೆ ಎಂಬ ಲೆಕ್ಕದ ವಿಷಯವಾದ ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಕಲಿಸುತ್ತಿದ್ದೇನೆ. ಟಾರ್ಷನ್, ಅಂದರೆ ತಿರುಚುವಿಕೆ, ಆ ವಿಷಯದ ಒಂದು ಅಧ್ಯಾಯ. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಒಂದು ದುಂಡು ಶಾಫ್ಟನ್ನು ಬರೆದು, ಅದರ ಒಂದು ತುದಿಯನ್ನು ಗೋಡೆಗೆ ನೆಟ್ಟು, ಇನ್ನೊಂದು ತುದಿಗೆ ಬಾಗಿದ ಬಾಣದ ಗುರುತು ಹಾಕಿ ಸೂತ್ರವನ್ನು ಹೊರಡಿಸುತ್ತೇನೆ. ಲ್ಯಾಬಿನಲ್ಲಿ ಒಂದು ಟಾರ್ಷನ್ ಯಂತ್ರವೂ ಇದೆ; ವಿದ್ಯಾರ್ಥಿಗಳು ಅದರ ಹಿಡಿಯನ್ನು ತಿರುಗಿಸಿ ರೀಡಿಂಗ್ ಬರೆದುಕೊಳ್ಳುತ್ತಾರೆ. ಇಷ್ಟೆಲ್ಲ ಇದ್ದೂ, ಒಂದು ಕಬ್ಬಿಣದ ಸರಳನ್ನು ನನ್ನ ಎರಡೂ ಕೈಗಳಿಂದ ಹಿಡಿದು, ಅದು ಇನ್ನು ಮೊದಲಿನಂತಾಗದು ಎನ್ನುವಷ್ಟು ತಿರುಚಿದ ಅನುಭವ ನನಗೆ ಒಮ್ಮೆಯೂ ಆಗಿರಲಿಲ್ಲ.

ಶಿರಸಿಯ ಗ್ರಿಲ್ ಅಂಗಡಿಯ ಮೇಸ್ತ್ರಿ ನನ್ನ ಮಾತನ್ನು ಕೇಳಿ ಮೊದಲು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ತಿರುಚಿದ ಸರಳುಗಳ ಒಂದು ಕಟ್ಟೇ ಒರಗಿತ್ತು. ಯಂತ್ರದಲ್ಲಿ ತಿರುಚಿದವು, ಒಂದಕ್ಕಿಂತ ಒಂದು ಬೇರೆ ಎನ್ನಲು ಸಾಧ್ಯವಿಲ್ಲದಂಥವು. "ರೆಡಿಮೇಡ್ ಸಿಗ್ತದೆ ಮಾಸ್ತರ್ರೇ, ಕೈ ಯಾಕೆ ನೋಯಿಸ್ಕೊಳ್ತೀರಿ?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಯಂತ್ರದ ಸರಳು ಕೆಟ್ಟದ್ದು, ಕೈಯದು ಒಳ್ಳೆಯದು ಎಂದು ವಾದಿಸಲು ನನ್ನಲ್ಲಿ ಈಗಲೂ ಕಾರಣಗಳಿಲ್ಲ. ದಾರಿಯಲ್ಲಿ ನಿಂತು ನೋಡುವವರಿಗೆ ಎರಡರ ವ್ಯತ್ಯಾಸವೂ ತಿಳಿಯುವುದಿಲ್ಲ. ನನಗೆ ಬೇಕಾಗಿದ್ದದ್ದು ಸರಳಿಗಿಂತ ಹೆಚ್ಚಾಗಿ ಆ ತಿರುಚುವ ಗಳಿಗೆ. ಅದನ್ನು ಅವರಿಗೆ ಹೇಗೆ ಹೇಳುವುದೆಂದು ತೋಚದೆ, ದಸರಾ ರಜೆಯಿದೆ, ಸುಮ್ಮನೆ ಕೂರಲಾಗುವುದಿಲ್ಲ ಎಂದೆ. ಆ ಕಾರಣ ಅವರಿಗೆ ಸರಿಯಾಗಿಯೇ ಅರ್ಥವಾಯಿತು.

ಲೆಕ್ಕ ಹೀಗಿತ್ತು. ಒಂದೊಂದು ಕದಕ್ಕೆ 8ರಂತೆ 16 ಸರಳು. ಎಲ್ಲವೂ 12 ಮಿ.ಮೀ. ಚೌಕದ ಎಂ.ಎಸ್., ಅಂದರೆ ಸಾಮಾನ್ಯ ಮೆದು ಉಕ್ಕು. ಪ್ರತಿ ಸರಳಿನ ನಡುವಿನ 300 ಮಿ.ಮೀ. ಭಾಗದಲ್ಲಿ ಮೂರು ಪೂರ್ಣ ಸುತ್ತು, ಮೇಲೆ ಕೆಳಗೆ ನೇರ. 12 ಮಿ.ಮೀ. ಚೌಕದ ಸರಳು ಮೀಟರಿಗೆ 1.13 ಕಿಲೊ ತೂಗುತ್ತದೆ. 20 ಅಡಿಯ ಒಂದು ಉದ್ದ ಸುಮಾರು 7 ಕಿಲೊ. ಅಂಥ ಮೂರು ಉದ್ದಗಳನ್ನು ಮೀಟರಿಗೊಂದರಂತೆ ಕತ್ತರಿಸಿದರೆ 18 ತುಂಡುಗಳಾಗುತ್ತವೆ, ಎರಡು ಕೈತಪ್ಪಿಗೆ ಇರಲಿ ಎಂದು ಮೇಸ್ತ್ರಿ ಹೇಳಿದರು. ಗೇಟಿನ ಚೌಕಟ್ಟಿಗೆ ಬೇಕಾದದ್ದಕ್ಕಿಂತ ಪ್ರತಿ ತುಂಡನ್ನೂ ನಾಲ್ಕು ಬೆರಳು ಉದ್ದ ಬಿಡಿಸಿದರು; ತಿರುಚಿದಾಗ ಸರಳು ತುಸು ಕುಗ್ಗುತ್ತದೆ, ಅಳತೆಗೆ ಕೊಯ್ಯುವುದೇನಿದ್ದರೂ ಆಮೇಲೆ. ಈ ಕುಗ್ಗುವಿಕೆಗೆ ಕಾರಣ ಸರಳಿನ ಅಂಚುಗಳಲ್ಲಿದೆ. ನೇರವಾಗಿದ್ದ ಅಂಚು ತಿರುಚಿದ ಮೇಲೆ ಬಳಸಿಕೊಂಡು ಹೋಗುವ ದಾರಿಯಾಗುತ್ತದೆ. ನೇರದಾರಿಗಿಂತ ಬಳಸುದಾರಿ ಉದ್ದ. 100 ಮಿ.ಮೀ.ಗೆ ಒಂದು ಸುತ್ತಾದರೆ, ಸರಳಿನ ಉದ್ದ ಬದಲಾಗದೆ ಇದ್ದಲ್ಲಿ, ಅಂಚು ನೂರಕ್ಕೆ ಸುಮಾರು 13ರಷ್ಟು ಹಿಗ್ಗಬೇಕು. ಹಾಗೆ ಹಿಗ್ಗಲು ಒಲ್ಲದ ಅಂಚು ಇಡೀ ಸರಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ನಡುವಿನ ತಿರುಳು ಅದನ್ನು ತಡೆಯುತ್ತದೆ, ಇಬ್ಬರ ಜಗಳದಲ್ಲಿ ಉದ್ದ ಸ್ವಲ್ಪ ಕಡಿಮೆಯಾಗುತ್ತದೆ.

ಸಲಕರಣೆ ಹೆಚ್ಚೇನೂ ಇಲ್ಲ. ಹಲಗೆಗೆ ಬೋಲ್ಟ್ ಹಾಕಿ ಬಿಗಿದ, ಸರಳನ್ನು ಕಚ್ಚಿ ಹಿಡಿಯುವ ಒಂದು ವೈಸ್. ಚೌಕದ ರಂಧ್ರವಿರುವ ದಪ್ಪ ಕಬ್ಬಿಣದ ಬಿಲ್ಲೆಗೆ ಎರಡೂ ಕಡೆ ಪೈಪಿನ ತೋಳುಗಳನ್ನು ವೆಲ್ಡ್ ಮಾಡಿದ ಒಂದು ಹಿಡಿ. ಮತ್ತು 300 ಮಿ.ಮೀ.ಗೆ ತುಸು ಕಡಿಮೆ ಉದ್ದದ, ಮುಕ್ಕಾಲು ಇಂಚಿನ ನೀರಿನ ಪೈಪಿನ ಒಂದು ತುಂಡು. ಮೊದಲು ನಾನು ದೊಡ್ಡ ಸ್ಪ್ಯಾನರ್ ಒಂದನ್ನು ಹಿಡಿದು ಹೊರಟಿದ್ದೆ. ಮೇಸ್ತ್ರಿ ಅದನ್ನು ಕಸಿದುಕೊಳ್ಳಲಿಲ್ಲ, ಒಂದು ಸಲ ಮಾಡಲು ಬಿಟ್ಟರು. ಸ್ಪ್ಯಾನರಿಗೆ ಒಂದೇ ತೋಳು. ಅದನ್ನು ಒತ್ತಿದಾಗ ಸರಳು ತಿರುಗುವ ಜೊತೆಗೆ ಕೆಳಕ್ಕೂ ಬಾಗಿತು. ಎರಡು ತೋಳಿನ ಹಿಡಿಯಲ್ಲಿ ಒಂದು ಕೈ ತಳ್ಳಿದರೆ ಇನ್ನೊಂದು ಕೈ ಎಳೆಯುತ್ತದೆ, ಬಾಗಿಸುವ ಬಲಗಳು ಒಂದನ್ನೊಂದು ಕೊಂದುಕೊಂಡು ತಿರುಚುವ ಬಲ ಮಾತ್ರ ಉಳಿಯುತ್ತದೆ. ಇದನ್ನು ಕಪಲ್ ಎಂದು ನಾನು ನೂರಾರು ಹುಡುಗರಿಗೆ ಹೇಳಿಕೊಟ್ಟಿದ್ದೇನೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿದ್ದೇನೆ. ಸ್ಪ್ಯಾನರ್ ಹಿಡಿಯುವಾಗ ಅದು ನೆನಪಿಗೆ ಬಂದಿರಲಿಲ್ಲ. ಪೈಪಿನ ತುಂಡಿನ ಕೆಲಸ ಇನ್ನೊಂದು. 12 ಮಿ.ಮೀ. ಚೌಕದ ಮೂಲೆಯಿಂದ ಮೂಲೆಗೆ 17 ಮಿ.ಮೀ.; ಮುಕ್ಕಾಲು ಇಂಚಿನ ಪೈಪಿನೊಳಗೆ ಅದು ಸಡಿಲವಾಗಿ ಕೂರುತ್ತದೆ, ಹಾವಿನಂತೆ ಹೊರಳಲು ಹೊರಟರೆ ಪೈಪು ಅದನ್ನು ನೆಟ್ಟಗೆ ಇಡುತ್ತದೆ.

ಬಲದ ಲೆಕ್ಕವನ್ನು ನಾನು ಹಿಂದಿನ ರಾತ್ರಿಯೇ ಮಾಡಿಟ್ಟುಕೊಂಡಿದ್ದೆ. ಮೆದು ಉಕ್ಕು ಸೋಲುವ, ಅಂದರೆ ಮೊದಲಿನ ಆಕಾರಕ್ಕೆ ಮರಳದಂತಾಗುವ ಮಟ್ಟವನ್ನು ಚದರ ಮಿ.ಮೀ.ಗೆ 250 ನ್ಯೂಟನ್ ಎಂದು ಹಿಡಿದರೆ, 12 ಮಿ.ಮೀ. ಚೌಕವನ್ನು ಪೂರ್ತಿ ತಿರುಚಲು ಸುಮಾರು 83 ನ್ಯೂಟನ್-ಮೀಟರ್ ಬೇಕು. ತೋಳು ಎರಡೂ ಕಡೆ 30 ಸೆಂ.ಮೀ. ಇದ್ದರೆ ಕೈಗೊಂದರಂತೆ 14 ಕಿಲೊ ತೂಕದ ಒತ್ತಡ. ತಿರುಚುತ್ತ ಹೋದಂತೆ ಇನ್ನಷ್ಟು. ತರಕಾರಿ ಚೀಲ ಹೊರುವ ಮಾಸ್ತರನಿಗೂ ಆಗುವ ಕೆಲಸವೇ. ಆದರೆ ಈ ಬಲ ಸರಳಿನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: 10 ಮಿ.ಮೀ.ಗೆ ಒಂದು ಪಾಲು ಬೇಕಾದರೆ 16ಕ್ಕೆ ನಾಲ್ಕು ಪಾಲು, 20ಕ್ಕೆ ಎಂಟು ಪಾಲು. ಗೇಟು ಗಟ್ಟಿಯಾಗಿರಲೆಂದು ಆಯಿ ಕೇಳಿದ್ದ 20 ಮಿ.ಮೀ. ಸರಳಿಗೆ ನಾನು ಒಪ್ಪದೆ ಇದ್ದದ್ದು ಇದೇ ಕಾರಣಕ್ಕೆ. ಅವಳ ಮುಂದೆ ಮಾತ್ರ ಅಂದದ ಮಾತಾಡಿದೆ. ಕೇಳಿದವರಿಗೆ ಸಾಮಾನ್ಯವಾಗಿ ನಂಬಿಕೆ ಬರದ ಸಂಗತಿ ಇನ್ನೊಂದಿದೆ. ಸರಳು ಎಷ್ಟೇ ಉದ್ದವಿರಲಿ, ಬೇಕಾಗುವ ಬಲ ಅಷ್ಟೇ. ಉದ್ದ ಹೆಚ್ಚಿದರೆ ಸುತ್ತು ಹೆಚ್ಚು ಹಾಕಬೇಕಾಗಬಹುದು, ಒಂದು ಸುತ್ತಿನ ಬಿಗಿ ಮಾತ್ರ ಬದಲಾಗುವುದಿಲ್ಲ.

ಮೊದಲ ಸರಳನ್ನು ವೈಸಿಗೆ ಕಚ್ಚಿಸಿ, 300 ಮಿ.ಮೀ. ಅಳೆದು ಹಿಡಿಯನ್ನು ಕೂರಿಸಿ, ಒಂದು ತೋಳಿಗೆ ಸೀಮೆಸುಣ್ಣದ ಗೆರೆ ಹಾಕಿದೆ. ಒಳಗೆ ಏನಾಗುತ್ತದೆಂದು ನೋಡುವ ಆಸೆಯಿಂದ ಮೊದಲ ಒಂದಕ್ಕೆ ಪೈಪು ಹಾಕಲಿಲ್ಲ. ಆರೇಳು ಡಿಗ್ರಿಯವರೆಗೆ ಸರಳು ಸ್ಪ್ರಿಂಗಿನಂತೆ ಕೈಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಅದನ್ನು ದಾಟಿದ್ದೇ ಆ ತಳ್ಳುವಿಕೆ ನಿಂತಿತು. ಬಿಗಿ ಹಾಗೆಯೇ ಇತ್ತು, ವಿರೋಧ ಹೋಗಿತ್ತು. ಮೆದು ಉಕ್ಕು ಸೋಲುವ ಗಳಿಗೆ ಇದು. ಅದೇ ಹೊತ್ತಿಗೆ ಮೈಮೇಲಿನ ಪೊರೆ ಉದುರತೊಡಗಿತು. ಕಾರ್ಖಾನೆಯಲ್ಲಿ ಕೆಂಪಗೆ ಕಾದು ಉರುಳೆಗಳ ನಡುವೆ ಹಾಯ್ದು ಬಂದ ಸರಳಿನ ಮೇಲೆ ಕಪ್ಪು-ನೀಲಿ ಬಣ್ಣದ ತೆಳುವಾದ ಒಂದು ಪೊರೆ ಇರುತ್ತದೆ; ಕೆಳಗಿನ ಉಕ್ಕು ಮುರಿಯದೆ ನೀರಿನಂತೆ ಹರಿದು ಆಕಾರ ಬದಲಿಸಿದಾಗ, ಹಾಗೆ ಹರಿಯಲಾರದೆ ಅದು ಸಿಡಿದು ಬೀಳುತ್ತದೆ. ನಾನು ಬಗ್ಗಿ ನೋಡಿದೆ. ಪೊರೆ ಮೊದಲು ಬಿರಿದದ್ದು ಚೌಕದ ಮೂಲೆಗಳಲ್ಲಲ್ಲ, ಮುಖಗಳ ನಟ್ಟನಡುವೆ.

ಆಗ ನಾನು ಕೈಬಿಟ್ಟು ಒಂದು ನಿಮಿಷ ಸುಮ್ಮನೆ ನಿಂತೆ. ತಿರುಚಿದ ಚೌಕದ ಸರಳಿನಲ್ಲಿ ಹೆಚ್ಚು ಒತ್ತಡ ಎಲ್ಲಿರುತ್ತದೆ ಎಂದು ತರಗತಿಯಲ್ಲಿ ಕೇಳಿದರೆ, ನಡುವಿನಿಂದ ಅತಿ ದೂರದಲ್ಲಿರುವುದು ಮೂಲೆಯಾದ್ದರಿಂದ ಮೂಲೆಯಲ್ಲಿ ಎಂದೇ ಎಲ್ಲರೂ ಹೇಳುತ್ತಾರೆ. ದುಂಡು ಸರಳಿನಿಂದ ಕಲಿತವರಿಗೆ ಹಾಗೆನ್ನಿಸುವುದು ಸಹಜ. ಆದರೆ ಫ್ರಾನ್ಸಿನ ಎಂಜಿನಿಯರ್ ಸೇಂಟ್-ವೆನಾಂ 1855ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ತೋರಿಸಿದ್ದು ಇದಕ್ಕೆ ವಿರುದ್ಧ: ಮೂಲೆಯಲ್ಲಿ ಒತ್ತಡ ಸೊನ್ನೆ, ಅತಿ ಹೆಚ್ಚು ಒತ್ತಡ ಮುಖದ ಮಧ್ಯದಲ್ಲಿ. ಈ ಫಲಿತಾಂಶವನ್ನು ನಾನು ಪ್ರತಿ ವರ್ಷ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ, ಗಣಿತ ಸಿಲಬಸ್ಸಿನಲ್ಲಿಲ್ಲ ಎಂಬ ನೆಪದಲ್ಲಿ. ಶಿರಸಿಯ ತಗಡಿನ ಮಾಡಿನ ಕೆಳಗೆ, ವೆಲ್ಡಿಂಗಿನ ಹೊಗೆಯ ನಡುವೆ, ಉಗುರಿನಗಲದ ಪೊರೆಯ ಚೂರುಗಳು ಅದೇ ಮಾತನ್ನು ಹೇಳುತ್ತಿದ್ದವು. ಮೇಸ್ತ್ರಿಗೆ ಇದನ್ನು ವಿವರಿಸಲು ಹೋದೆ. ಅವರು ಬಹಳ ಸೌಜನ್ಯದಿಂದ ಕೇಳಿ, ಹನ್ನೊಂದಕ್ಕೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ಚೌಕಟ್ಟು ಕೊಯ್ಯಬೇಕು ಎಂದರು.

ಮತ್ತೆ ಹಿಡಿ ಹಿಡಿದೆ. ಮೊದಲ ಅರ್ಧ ಸುತ್ತು ಮುಗಿದಾಗ ನನಗೆ ನಿರಾಸೆಯಾಯಿತು, ಏಕೆಂದರೆ ತಿರುವು ಸರಳಿನುದ್ದಕ್ಕೂ ಹರಡಿರಲಿಲ್ಲ. ಹಿಡಿಯ ಹತ್ತಿರ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಒತ್ತಾಗಿ ಕೂತಿತ್ತು, ಉಳಿದ ಭಾಗ ನೇರವಾಗಿಯೇ ಇತ್ತು. ಕೈ ಸಮವಾಗಿ ಹಾಕಲಿಲ್ಲವೇನೋ, ಸರಳೇ ಕೆಟ್ಟದ್ದೇನೋ ಎಂದು ತೋರಿತು. ತಿರುಗಿಸುತ್ತ ಹೋದಂತೆ ಆ ಒತ್ತಾದ ಜಾಗ ಇನ್ನು ಮುಂದಕ್ಕೆ ತಿರುಗಲು ಒಪ್ಪಲಿಲ್ಲ. ಪಕ್ಕದ ಜಾಗ ತಿರುಗಿತು, ಅದು ಸಾಕೆಂದಾಗ ಅದರ ಪಕ್ಕದ್ದು. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ವೈಸಿನ ಬಾಯಿಂದ ಹಿಡಿಯವರೆಗೆ ಇಡೀ ಭಾಗ ಒಂದೇ ಹದದಲ್ಲಿ ಸುರುಳಿಗೊಂಡಿತ್ತು. ತಣ್ಣಗಿನ ಉಕ್ಕು ಹರಿದಲ್ಲೆಲ್ಲ ಗಟ್ಟಿಯಾಗುತ್ತದೆ. ಎಲ್ಲಿ ಹೆಚ್ಚು ತಿರುಗಿತೋ ಅಲ್ಲಿ ಹೆಚ್ಚು ಗಟ್ಟಿ, ಆದ್ದರಿಂದ ಮುಂದಿನ ತಿರುವು ಮೆದುವಾದ ಇನ್ನೊಂದು ಕಡೆಯನ್ನು ಹುಡುಕಿಕೊಂಡು ಹೋಗುತ್ತದೆ. ಕೈಯಿಂದ ತಿರುಚಿದ ಸರಳಿನ ಅಂದವನ್ನು ಹೊಗಳುವವರು ಕೈಯ ಹದವನ್ನು ಹೊಗಳುತ್ತಾರೆ. ನನ್ನ ಕೈಯಲ್ಲಿ ಹದವೇನೂ ಇರಲಿಲ್ಲ, ಇದ್ದದ್ದು ಸಿಟ್ಟು ಮತ್ತು ಬೆವರು; ಸಮವಾಗಿ ಹಂಚಿಕೊಂಡದ್ದು ಉಕ್ಕು. ತಿರುಚುವವನಿಗೆ ಬಿಟ್ಟದ್ದು ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಸುತ್ತು, ಯಾವ ಕಡೆಗೆ ಎಂಬ ಮೂರು ಸಂಗತಿಗಳು. ಈ ಮೂರರಲ್ಲಿ ಕೊನೆಯದನ್ನು ನಾನು ಮರೆತಿದ್ದೆ, ಆ ಕಥೆ ಮುಂದೆ ಬರುತ್ತದೆ.

ಕಾಸಿ ತಿರುಚಿದರೆ ಈ ಅನುಕೂಲವಿಲ್ಲ. ನಮ್ಮ ಮನೆಯಲ್ಲಿ ಊರ ಆಚಾರಿಯ ಕುಲುಮೆಯಿಂದ ಬಂದ ಒಂದು ಹಳೆಯ ಕಬ್ಬಿಣದ ಸೌಟು ಇದೆ. ಎಣ್ಣೆಗೈಯಿಂದ ಜಾರದಿರಲೆಂದೋ ಅಂದಕ್ಕೆಂದೋ ಅದರ ಹಿಡಿಯಲ್ಲಿ ಎರಡು ಸುತ್ತು ತಿರುಚಿದ್ದಾರೆ. ರಜೆ ಮುಗಿಯುವ ಮೊದಲು ಅದನ್ನು ತೆಗೆದು ನೋಡಿದೆ. ತಿರುವು ನಡುವೆ ಒತ್ತಾಗಿದ್ದು ಎರಡೂ ಕಡೆಗೆ ಹೋದಂತೆ ಸಡಿಲವಾಗುತ್ತದೆ. ಕುಲುಮೆಯ ಕೆಂಡದಲ್ಲಿ ಯಾವ ಜಾಗ ಹೆಚ್ಚು ಕಾದಿತ್ತು ಎಂಬುದನ್ನು ಆ ಹಿಡಿಯಲ್ಲಿ ಇಂದಿಗೂ ಓದಬಹುದು. ಕೆಂಪಗೆ ಕಾದ ಉಕ್ಕಿಗೆ ತಾನು ಹರಿದದ್ದರ ನೆನಪು ಉಳಿಯುವುದಿಲ್ಲ, ಅದು ಗಟ್ಟಿಯಾಗದೆ ಮೆದುವಾಗಿಯೇ ಇರುತ್ತದೆ. ಹಾಗಾಗಿ ಬಿಸಿ ಹೆಚ್ಚಿದ್ದಲ್ಲಿ ತಿರುವು ಹೆಚ್ಚು, ಅಲ್ಲಿಯೇ ಇನ್ನೂ ಹೆಚ್ಚು. ಸಮವಾಗಿ ಕಾಸುವುದು, ತಿರುವು ಒತ್ತಾಗುತ್ತಿರುವ ಕಡೆ ಒಂದಿಷ್ಟು ನೀರು ಸುರಿದು ತಡೆಯುವುದು ಕಮ್ಮಾರರ ಕೈಚಳಕ. ಹದ ಎಂಬ ಮಾತಿಗೆ ಅಲ್ಲಿ ನಿಜವಾದ ಅರ್ಥವಿದೆ. 12 ಮಿ.ಮೀ.ಯ ಗ್ರಿಲ್ ಸರಳನ್ನು ತಣ್ಣಗೆ ತಿರುಚಿ ಅದೇ ಗೌರವವನ್ನು ಪಡೆಯಲು ನನಗೆ ಸಂಕೋಚವಾಗುತ್ತದೆ.

ತಿರುಚಿದರೆ ಗಟ್ಟಿಯಾಗುತ್ತದೆ ಎಂಬ ಈ ಗುಣ ನಮ್ಮ ಮನೆಗಳ ತಾರಸಿಯೊಳಗೂ ಅಡಗಿದೆ. ಅರ್ನೆಸ್ಟ್ ರ‍್ಯಾನ್ಸಮ್ ಎಂಬವನು ಚೌಕದ ಸರಳುಗಳನ್ನು ತಣ್ಣಗೆ ತಿರುಚಿ ಕಾಂಕ್ರೀಟಿನಲ್ಲಿ ಹೂಳುವ ಉಪಾಯಕ್ಕೆ ಅಮೆರಿಕದಲ್ಲಿ 1884ರಲ್ಲಿ ಪೇಟೆಂಟ್ ಪಡೆದ. ಸುತ್ತುಗಳ ಏಣು ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತದೆ ಎಂಬುದು ಅವನ ಲೆಕ್ಕ. ಅಂಥ ಸರಳುಗಳನ್ನು ಹಾಕಿ 1889ರಲ್ಲಿ ಅವನು ಕಟ್ಟಿದ ಆಲ್ವೋರ್ಡ್ ಲೇಕ್ ಸೇತುವೆ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿದೆ. ಇಂದಿನ ಟಿ.ಎಂ.ಟಿ. ಕಂಬಿ ಬರುವ ಮೊದಲು ನಮ್ಮಲ್ಲಿ ಎಲ್ಲೆಡೆ ಬಳಸುತ್ತಿದ್ದ ಟಾರ್ ಕಂಬಿಯೂ ಇದೇ ವಂಶದ್ದು. ಏಣುಗಳಿರುವ ಮೆದು ಉಕ್ಕಿನ ಕಂಬಿಯನ್ನು ತಣ್ಣಗೆ ತಿರುಚಿ ಅದರ ಬಲವನ್ನು ಚದರ ಮಿ.ಮೀ.ಗೆ 250 ನ್ಯೂಟನ್ನಿನ ಆಸುಪಾಸಿನಿಂದ 415ಕ್ಕೆ ಏರಿಸುತ್ತಿದ್ದರು. ಹಳೆಯ ಮನೆ ಕೆಡವುವಲ್ಲಿ ಹೊರಬಿದ್ದ ಕಂಬಿಯ ಮೇಲಿನ ಉದ್ದ ಏಣು ನೆಟ್ಟಗೆ ಹೋಗದೆ ನಿಧಾನವಾಗಿ ಸುತ್ತಿಕೊಂಡು ಹೋಗಿದ್ದರೆ ಅದು ಟಾರ್ ಕಂಬಿ. ನನ್ನ ಜಗಲಿಯ ಗೇಟಿನ ಅಲಂಕಾರ ಮತ್ತು ನಮ್ಮ ಮನೆಗಳ ತಾರಸಿ ಒಂದೇ ಕೆಲಸದ ಎರಡು ಬಗೆ ಎಂದು ಹೊಳೆದದ್ದು ಆರನೆಯ ಸರಳಿನ ಹೊತ್ತಿಗೆ, ಬೆನ್ನು ಹಿಡಿದುಕೊಂಡು ಕೂತಾಗ.

ಎಲ್ಲ ಕಬ್ಬಿಣಕ್ಕೂ ಈ ಸಹನೆಯಿಲ್ಲ ಎಂಬುದನ್ನೂ ಹೇಳಬೇಕು. ಮೈಸೂರು ಅರಮನೆಯ ಕಲ್ಯಾಣಮಂಟಪದ ಕಂಬಗಳು ಗ್ಲಾಸ್ಗೊದಿಂದ ಬಂದ ಬೀಡುಕಬ್ಬಿಣದವು. ಅವುಗಳ ಬಳ್ಳಿ, ಹೂವು, ಬಾಗು ಎಲ್ಲವೂ ಅಚ್ಚಿಗೆ ಸುರಿದು ಪಡೆದದ್ದು. ಬೀಡಿನಲ್ಲಿ ಇಂಗಾಲ ನೂರಕ್ಕೆ 2ರಿಂದ 4ರಷ್ಟು ಇರುತ್ತದೆ, ಮೆದು ಉಕ್ಕಿನಲ್ಲಿ 0.25ರೊಳಗೆ. ಬೀಡಿನ ಸರಳನ್ನು ವೈಸಿಗೆ ಕಚ್ಚಿಸಿ ತಿರುಚಲು ಹೋದರೆ ಒಂದು ಸುತ್ತೂ ಆಗದೆ ಸೀಮೆಸುಣ್ಣದಂತೆ ಓರೆಯಾಗಿ ಮುರಿಯುತ್ತದೆ. ಸೀಮೆಸುಣ್ಣವನ್ನು ಬೆರಳುಗಳ ನಡುವೆ ತಿರುಚಿ ಮುರಿದು ನೋಡಿ, ಬಿರುಕು 45 ಡಿಗ್ರಿಯಲ್ಲಿ ಸುರುಳಿಯಾಗಿ ಹೋಗಿರುತ್ತದೆ. ನನ್ನ ಪಾಠದಲ್ಲಿ ಹುಡುಗರು ಎಂದೂ ಮರೆಯದ ಪ್ರಯೋಗ ಅದೊಂದೇ.

ಎರಡನೆಯ ದಿನ ಕೆಲಸ ಓಟ ಹಿಡಿಯಿತು. ಚೌಕದ ಸರಳಿನಲ್ಲಿ ಕಾಲು ಸುತ್ತಿಗೊಮ್ಮೆ ಒಂದು ಮುಖ ಮೇಲೆ ಬರುತ್ತದೆ. ಮೂರು ಸುತ್ತು ಎಂದರೆ ಹನ್ನೆರಡು ಕಾಲು. ಕೊನೆಗೆ ಸೀಮೆಸುಣ್ಣದ ಗೆರೆಯಿರುವ ತೋಳು ಹೊರಟಲ್ಲಿಗೇ ಬಂದು ನಿಂತರೆ ಸಾಲದು, ಇನ್ನೂ ಏಳೆಂಟು ಡಿಗ್ರಿ ಮುಂದೆ ಹೋಗಬೇಕು, ಏಕೆಂದರೆ ಕೈಬಿಟ್ಟ ಕೂಡಲೇ ಸರಳು ಅಷ್ಟನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಹಾಗೆ ಮಾಡದಿದ್ದರೆ ಮೇಲಿನ ತುದಿಯ ಮುಖ ಮತ್ತು ಕೆಳಗಿನ ತುದಿಯ ಮುಖ ಒಂದೇ ಸಮತಲಕ್ಕೆ ಬರುವುದಿಲ್ಲ, ಚೌಕಟ್ಟಿಗೆ ವೆಲ್ಡ್ ಮಾಡುವಾಗ ಒಂದು ತುದಿ ಹೆಗಲು ತಿರುಗಿಸಿ ನಿಲ್ಲುತ್ತದೆ. ತಿರುಚುವ ಭಾಗ 300 ಮಿ.ಮೀ. ಇದ್ದದ್ದಕ್ಕೆ ಏಳೆಂಟು ಡಿಗ್ರಿ. ಇಡೀ ಮೀಟರನ್ನು ತಿರುಚಿದ್ದರೆ ಇಪ್ಪತ್ತಕ್ಕೂ ಹೆಚ್ಚು. ಮೂರನೆಯ ಸುತ್ತು ಮುಗಿಸಿದ ತಕ್ಷಣ ಪೈಪನ್ನು ಸರಿಸಿ ತಿರುಚಿದ ಜಾಗವನ್ನು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ನಾನು ಹಾಕಿದ ಶ್ರಮದ ಬಹುಪಾಲು ಬಿಸಿಯಾಗಿ ಅಲ್ಲಿ ಕೂತಿರುತ್ತದೆ; ಲೆಕ್ಕ ಹಾಕಿದರೆ ಹತ್ತು ಡಿಗ್ರಿಯಷ್ಟು ಏರಿಕೆ.

ಮಧ್ಯಾಹ್ನ ಕರೆಂಟು ಹೋದಾಗ ಮೇಸ್ತ್ರಿ ತಾವೇ ಒಂದು ಆಟ ತೋರಿಸಿದರು. 6 ಮಿ.ಮೀ.ಯ ನಾಲ್ಕು ಸರಳುಗಳನ್ನು ಕಟ್ಟಾಗಿ ಜೋಡಿಸಿ ಎರಡೂ ತುದಿಗಳಲ್ಲಿ ಮೊದಲೇ ವೆಲ್ಡ್ ಮಾಡಿಟ್ಟಿದ್ದರು. ಅದನ್ನು ವೈಸಿಗೆ ಕಚ್ಚಿಸಿ ಒಂದು ಸುತ್ತು ಬಿಗಿಯಾಗಿ ತಿರುಚಿದರು, ಆಮೇಲೆ ಹಿಡಿಯನ್ನು ವೈಸಿನ ಕಡೆಗೆ ಒತ್ತುತ್ತ ಹಿಂದಕ್ಕೆ ಬಿಚ್ಚಿದರು. ಬಿಚ್ಚುತ್ತಿದ್ದಂತೆ ನಾಲ್ಕೂ ಸರಳುಗಳು ನಡುವೆ ಹೊರಕ್ಕೆ ಉಬ್ಬಿ, ದೀಪದ ಗೂಡಿನಂಥ ಒಂದು ಬುಟ್ಟಿ ಅರಳಿತು. ಅವರ ಮುಖದಲ್ಲಿ ಅದುವರೆಗೆ ನಾನು ನೋಡಿರದ ಒಂದು ತುಂಟತನವಿತ್ತು. ಈಗೀಗ ಯಾರೂ ಇದನ್ನು ಕೇಳುವುದಿಲ್ಲ, ಲೇಸರ್‌ನಲ್ಲಿ ಕೊಯ್ದ ತಗಡೇ ಬೇಕು, ಇಲ್ಲವೇ ಸ್ಟೇನ್‌ಲೆಸ್ ಎಂದರು. ಹೇಳುವಾಗ ಬೇಸರವೇನೂ ಇರಲಿಲ್ಲ. ಲೇಸರ್ ತಗಡಿನಲ್ಲಿ ದಿನಕ್ಕೆ ಎರಡು ಗೇಟು ಆಗುತ್ತದಂತೆ.

ಸಂಜೆಯ ಹೊತ್ತಿಗೆ ಹದಿನಾರೂ ಮುಗಿದವು: 48 ಸುತ್ತು, 192 ಕಾಲುಸುತ್ತು. ಎರಡು ಕದಗಳ ಚೌಕಟ್ಟುಗಳನ್ನು ನೆಲದ ಮೇಲೆ ಮಲಗಿಸಿ, ಸರಳುಗಳನ್ನು ಜೋಡಿಸಿ ದೂರ ನಿಂತು ನೋಡಿದೆ. ಏನೋ ಸರಿಯಿಲ್ಲ. ಎಡಗದ ಚೆನ್ನಾಗಿದೆ, ಬಲಗದವೂ ಚೆನ್ನಾಗಿದೆ, ಎರಡೂ ಸೇರಿದರೆ ಇಡೀ ಗೇಟು ಒಂದೇ ಕಡೆಗೆ ವಾಲಿದಂತೆ ಕಾಣುತ್ತದೆ. ಎದುರುಬದುರು ಇರಬೇಕಾದ ಎರಡು ಕದಗಳ ಸುತ್ತುಗಳು ಕನ್ನಡಿಯಲ್ಲಿ ಕಂಡಂತೆ ಎದುರು ದಿಕ್ಕಿಗೆ ಏರಬೇಕು. ನಾನು ಹದಿನಾರನ್ನೂ ಒಂದೇ ಕಡೆಗೆ, ನಲ್ಲಿ ಮುಚ್ಚುವ ಅಭ್ಯಾಸದ ಕೈ ಹೇಗೆ ತಿರುಗುತ್ತದೋ ಹಾಗೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಚಿದ್ದೆ. ಹೀಗೆ ತಿರುಗಿಸಿದಾಗ ಸರಳಿನ ಮೇಲೆ ಮೂಡುವುದು ಮಾಮೂಲಿ ಸ್ಕ್ರೂವಿನ ತಿರುಪಲ್ಲ, ಅದಕ್ಕೆ ವಿರುದ್ಧವಾದ ಎಡಸುತ್ತು. ಅದನ್ನೂ ಆಗಲೇ ಗಮನಿಸಿದೆ.

ಇದಾದ ಮೇಲೆ ನಾನು ಮಾಡಿದ್ದನ್ನು ವಿದ್ಯಾರ್ಥಿಗಳಿಗೆ ಇದುವರೆಗೂ ಹೇಳಿಲ್ಲ. ಬಲಗದದ ಒಂದು ಸರಳನ್ನು ಎತ್ತಿ ತಲೆಕೆಳಗು ಮಾಡಿ ಇಟ್ಟೆ. ನೋಡಿದೆ. ಏನೂ ಬದಲಾಗಿರಲಿಲ್ಲ. ಪುನಃ ತಿರುಗಿಸಿ, ಈ ಸಲ ಹಿಂದುಮುಂದಾಗಿ ಇಟ್ಟೆ. ಎಡಸುತ್ತನ್ನು ಹೇಗೆ ಹಿಡಿದರೂ ಅದು ಎಡಸುತ್ತೇ. ತಲೆಕೆಳಗಾದ ಸ್ಕ್ರೂ ಬೇರೆ ದಿಕ್ಕಿನ ಸ್ಕ್ರೂ ಆಗುವುದಿಲ್ಲ ಎಂದು ಗೊತ್ತಿದ್ದ ಮನುಷ್ಯ ಇಬ್ಬರು ಹುಡುಗರು ಮತ್ತು ಒಬ್ಬ ಮೇಸ್ತ್ರಿಯ ಎದುರಿಗೆ ಸರಳನ್ನು ಮೂರು ಸಲ ತಿರುವಿಹಾಕಿದ. ಮೇಸ್ತ್ರಿ ಬೀಡಿ ಆರಿಸಿ, "ನಿನ್ನೆನೇ ಕಂಡಿತ್ತು. ನೀವು ಲೆಕ್ಕ ಮಾಡಿ ಬಂದವ್ರು, ಬೇಕೂಂತಲೇ ಒಂದೇ ಬದಿಗೆ ಮಾಡ್ತಿದ್ದೀರಿ ಅಂದ್ಕೊಂಡೆ" ಎಂದರು.

ಬಿಚ್ಚಿ ಮರಳಿ ತಿರುಚೋಣವೆಂದು ಒಂದನ್ನು ವೈಸಿಗೆ ಹಾಕಿದೆ. ಹಿಂದಕ್ಕೆ ತಿರುಗಿಸಲು ಶುರುಮಾಡಿದಾಗ ಅದು ನಿರೀಕ್ಷೆಗಿಂತ ಸುಲಭವಾಗಿ ಸೋತಿತು. ಒಂದು ಕಡೆಗೆ ಹರಿದ ಉಕ್ಕು ಎದುರು ದಿಕ್ಕಿನಲ್ಲಿ ಬೇಗ ಸೋಲುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯೂನಿಕ್ಕಿನ ಯೊಹಾನ್ ಬೌಶಿಂಗರ್ ಇದನ್ನು ಗುರುತಿಸಿದ್ದರಿಂದ ಈ ಗುಣಕ್ಕೆ ಅವನ ಹೆಸರೇ ಉಳಿದಿದೆ. ಸುಲಭವೆಂದು ಖುಷಿಯಾದದ್ದು ಕಾಲು ಸುತ್ತಿನ ಮಟ್ಟಿಗೆ ಮಾತ್ರ. ಮುಂದೆ ಬಿಗಿ ಏರಿತು, ಮೂರು ಸುತ್ತು ಬಿಚ್ಚಿದ ಮೇಲೆ ಕೈಗೆ ಬಂದದ್ದು ನೇರವಾದ ಚೌಕದ ಸರಳಲ್ಲ, ಅಂಚುಗಳು ಮೊಂಡಾಗಿ, ಅಲ್ಲಲ್ಲಿ ತುಸು ಎಡಕ್ಕೂ ತುಸು ಬಲಕ್ಕೂ ಹೊರಳಿದ, ತಾನು ಯಾವ ಆಕಾರದ್ದೆಂದು ಮರೆತಂತಿರುವ ಒಂದು ವಸ್ತು. ಹಗ್ಗಕ್ಕೆ ಹುರಿ ಹಾಕಬಹುದು, ಬಿಚ್ಚಬಹುದು, ಮತ್ತೆ ಹಾಕಬಹುದು. ಬತ್ತಿಯನ್ನು ಎಷ್ಟು ಸಲ ಬೇಕಾದರೂ ಹೊಸೆಯಬಹುದು. ನಮ್ಮ ಭಾಷೆಯಲ್ಲಿ ಹುರಿ, ಹೊಸೆ, ನುಲಿ, ತಿರುಚು ಎಂದು ಇಷ್ಟೊಂದು ಮಾತುಗಳಿದ್ದು, ಹುಲ್ಲು ಹೊಸೆದು ಹಗ್ಗ ಮಾಡುತ್ತಿದ್ದ ಶರಣ ಚಂದಯ್ಯನ ಹೆಸರಿಗೇ ನುಲಿ ಅಂಟಿಕೊಂಡಿದೆ. ಆ ಮಾತುಗಳಲ್ಲಿ ಹೆಚ್ಚಿನವು ನಾರಿನ ಸಹವಾಸದಲ್ಲಿ ಬೆಳೆದವು. ನಾರು ಒಂದರ ಮೇಲೊಂದು ಜಾರುತ್ತದೆ, ಒಳಗೆ ಬದಲಾಗುವುದಿಲ್ಲ. ಉಕ್ಕು ಒಳಗೇ ಬದಲಾಗುತ್ತದೆ.

ಉಳಿದ ಏಳನ್ನು ಬಿಚ್ಚುವುದು ಬೇಡವೆಂದು ಮೇಸ್ತ್ರಿ ತಡೆದರು. ಮರುದಿನ ಹೊಸ ಉದ್ದ ತರಿಸಿ, ಬಲಗದಕ್ಕೆ ಎಂಟು ಸರಳುಗಳನ್ನು ಎದುರು ದಿಕ್ಕಿಗೆ ತಿರುಚಿದೆ. ಬಲಗೈ ಎಳೆಯುವ ಬದಲು ತಳ್ಳಬೇಕಾದ್ದರಿಂದ ಅದು ಬೇರೆಯೇ ಕೆಲಸದಂತೆ ಅನ್ನಿಸಿತು, ಬೇರೆಯೇ ಸ್ನಾಯುಗಳು ನೊಂದವು. ಒಳಸುತ್ತುಗಳಲ್ಲಿ ತುಕ್ಕು ಮೊದಲು ಕೂರುವುದರಿಂದ ರೆಡ್ ಆಕ್ಸೈಡನ್ನು ಸಣ್ಣ ಬ್ರಷ್ಷಿನಿಂದ ಸುರುಳಿಯ ಗುಂಟ ಹಚ್ಚಿ ಎಂದು ಮೇಸ್ತ್ರಿ ಹೇಳಿದ್ದರು. ಅದಕ್ಕೆ ತಿರುಚಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಎಡಸುತ್ತಿನ ಏಳು ಸರಳುಗಳು ಬಚ್ಚಲುಮನೆಯ ಕಿಟಕಿಗೆ ಹೋದವು, ಒಂದೇ ಕಿಟಕಿಯಾದ್ದರಿಂದ ಎಲ್ಲವೂ ಒಂದೇ ಕಡೆಗೆ ತಿರುಗಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಬಿಚ್ಚಿದ ಒಂದು ಸರಳು ಕೊಟ್ಟಿಗೆಯ ಮೂಲೆಯಲ್ಲಿದೆ.

ಮಂಗಗಳು ಗೇಟನ್ನು ಒಂದು ವಾರ ಪರೀಕ್ಷಿಸಿದವು. ಈಗ ಮಾಡು ಹತ್ತಿ ಹಿತ್ತಿಲ ಕಡೆಯಿಂದ ಬರುತ್ತವೆ.

ಮರುವರ್ಷದ ಚೌತಿಗೆ ನಮ್ಮಲ್ಲೇ ಚಕ್ಕುಲಿ ಕಂಬಳ. ಊರ ಹೆಂಗಸರೆಲ್ಲ ಜಗಲಿಯಲ್ಲಿ ಗೇಟಿನ ಪಕ್ಕ ಕೂತು ಬಟ್ಟೆಯ ಮೇಲೆ ಕೈಚಕ್ಕುಲಿ ಸುತ್ತುತ್ತಿದ್ದರು. ಅಕ್ಕಿ-ಉದ್ದಿನ ಹಿಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ನೂಲಿನಂತೆ ಎಳೆಯುತ್ತಲೇ ಹುರಿ ಹಾಕುತ್ತ, ಸುತ್ತಿನ ಹೊರಗೆ ಸುತ್ತು ಇಳಿಸುವ ಆ ಬೆರಳುಗಳನ್ನು ಐವತ್ತು ವರ್ಷಗಳಿಂದ ನೋಡಿದ್ದರೂ ಬಗ್ಗಿ ನೋಡಿದ್ದು ಅಂದೇ ಮೊದಲು. ಆಯಿಯ ಚಕ್ಕುಲಿಯ ಹುರಿ ಒಂದು ಕಡೆಗೆ ಇತ್ತು. ಅವಳ ಪಕ್ಕದಲ್ಲಿ ಕೂತಿದ್ದ ಆಚೆಮನೆಯ ಚಿಕ್ಕಮ್ಮ ಎಡಗೈಯವಳು, ಅವಳದು ಇನ್ನೊಂದು ಕಡೆಗೆ. ಎರಡೂ ಒಂದೇ ಬಾಣಲೆಗೆ ಹೋಗಿ ಒಂದೇ ಡಬ್ಬಿ ಸೇರುತ್ತಿದ್ದವು. ನಾನು ಎರಡನ್ನೂ ಅಂಗೈಯಲ್ಲಿಟ್ಟು ಆಯಿಗೆ ತೋರಿಸಿದೆ.

"ಯಾವ ಬದಿಗೆ ತಿರುಗ್ತು ಹೇಳಿ ಯಾರು ನೋಡ್ತ ತಮಾ" ಎಂದು ಅವಳು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.